ರೆಟಿನಾ ಅಂಟಿಕೊಂಡಿತು, ಮಗುವಿಗೆ ಎಷ್ಟು ಕಾಣುತ್ತಿದೆ?

ಮಾನ್ಯ ಸಂಪಾದಕರೇ,

ಎಳೆಯ ಮಗುವಿಗೆ ರೆಟಿನಾ ಶಸ್ತ್ರಚಿಕಿತ್ಸೆ ನಡೆದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಅದಕ್ಕೆ ಬಹುಮಟ್ಟಿಗೆ ಒಂದೇ ಬಗೆಯ ತಲೆಬರಹವಿರುತ್ತದೆ: ಶಸ್ತ್ರಚಿಕಿತ್ಸೆ ಯಶಸ್ವಿ, ಮಗುವಿಗೆ ಮರಳಿದ ದೃಷ್ಟಿ. ಕಣ್ಣಿನ ಪಟ್ಟಿ ಬಿಚ್ಚಿದ ದಿನದ ಚಿತ್ರದೊಂದಿಗೆ ಆ ಸುದ್ದಿ ಮುಗಿದುಹೋಗುತ್ತದೆ. ಇಂಥ ಮಕ್ಕಳ ದೃಷ್ಟಿಯನ್ನು ಅಳೆಯುವುದು ಹಲವು ವರ್ಷಗಳಿಂದ ನನ್ನ ಕೆಲಸ. ಆಪರೇಷನ್ ಥಿಯೇಟರಿನಿಂದ ಹೊರಬಂದ ಮಗು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ಆಮೇಲೆ ವರ್ಷಗಟ್ಟಲೆ ಬಂದು ಕೂರುವುದು ನಾನು ಕೆಲಸ ಮಾಡುವ ಕೋಣೆಯಲ್ಲಿ. ಅಲ್ಲಿ ಕುಳಿತು ನೋಡಿದವರಿಗೆ 'ಯಶಸ್ವಿ' ಎಂಬ ಮಾತಿಗೆ ಎರಡು ಬೇರೆ ಬೇರೆ ಅರ್ಥಗಳಿರುವುದು ಬೇಗನೆ ತಿಳಿಯುತ್ತದೆ. ಕಳಚಿದ್ದ ರೆಟಿನಾ ತನ್ನ ಜಾಗಕ್ಕೆ ಮರಳಿ ಅಂಟಿಕೊಂಡಿತೇ ಎಂಬುದು ಒಂದು. ಅಂಟಿಕೊಂಡ ಮೇಲೆ ಮಗುವಿಗೆ ಎಷ್ಟು ಕಾಣುತ್ತಿದೆ ಎಂಬುದು ಇನ್ನೊಂದು. ವೈದ್ಯರು ಮೊದಲನೆಯದನ್ನು ಹೇಳುತ್ತಾರೆ, ತಂದೆತಾಯಿ ಎರಡನೆಯದನ್ನು ಕೇಳಿಸಿಕೊಳ್ಳುತ್ತಾರೆ, ಪತ್ರಿಕೆ ಎರಡನ್ನೂ ಕೂಡಿಸಿ ಒಂದೇ ಸಾಲಿನಲ್ಲಿ ಅಚ್ಚು ಹಾಕುತ್ತದೆ. ಈ ವಿಚಾರವಾಗಿಯೇ ತಮಗೆ ಬರೆಯುತ್ತಿದ್ದೇನೆ.

ಗೊಂದಲಕ್ಕೆ ನಮ್ಮ ಭಾಷೆಯಲ್ಲೂ ಒಂದು ಕಾರಣವಿದೆ. ಕಣ್ಣಿನ ಪೊರೆ ಎಂದರೆ ನಮ್ಮ ಮನಸ್ಸಿಗೆ ಬರುವುದು ಮಸೂರ ಮಂಜಾಗುವ ಮುಪ್ಪಿನ ಕಾಯಿಲೆ. ಅದನ್ನು ತೆಗೆಸಿಕೊಂಡ ಹಿರಿಯರು ಮರುದಿನವೇ ಗೋಡೆಯ ಕ್ಯಾಲೆಂಡರಿನ ದಿನಾಂಕ ಓದುವುದನ್ನು ಬಹಳಷ್ಟು ಮನೆಗಳವರು ಕಣ್ಣಾರೆ ಕಂಡಿದ್ದಾರೆ. ರೆಟಿನಾವನ್ನೂ ನಾವು 'ಕಣ್ಣಿನ ಹಿಂಬದಿಯ ಪೊರೆ' ಎಂದೇ ವಿವರಿಸುತ್ತೇವೆ. ಹಾಗಾಗಿ ಆ ಪೊರೆ ಸರಿಹೋಯಿತು ಎಂದಾಗ ಈ ಪೊರೆಯ ಅನುಭವವೇ ನೆನಪಿಗೆ ಬರುತ್ತದೆ. ಆದರೆ ಮಸೂರ ಬೆಳಕನ್ನು ಒಳಗೆ ಬಿಡುವ ಗಾಜು, ಬದಲಿಸಬಹುದು. ರೆಟಿನಾ ನರಕೋಶಗಳ ಪದರ, ಮಿದುಳಿನದೇ ಒಂದು ಚಾಚು, ಬದಲಿಸಲು ಬರುವುದಿಲ್ಲ. ತನ್ನ ಹಿಂದಿನ ಪೋಷಕ ಪದರದಿಂದ ಅದು ಎಷ್ಟು ದಿನ ಬೇರ್ಪಟ್ಟಿತ್ತೋ ಅಷ್ಟರಮಟ್ಟಿಗೆ ಬೆಳಕನ್ನು ಗ್ರಹಿಸುವ ಕೋಶಗಳು ಸಾಯುತ್ತಾ ಹೋಗುತ್ತವೆ, ಮತ್ತು ಸತ್ತ ಕೋಶಗಳನ್ನು ಎಂಥ ನುರಿತ ಶಸ್ತ್ರವೈದ್ಯರೂ ಬದುಕಿಸಲಾರರು.

ಕೆಲವು ವರ್ಷಗಳ ಹಿಂದೆ ದಿನ ತುಂಬದೆ ಹುಟ್ಟಿದ್ದ, ಎರಡೂ ಕಣ್ಣುಗಳ ರೆಟಿನಾ ಪೂರ್ತಿಯಾಗಿ ಕಳಚಿದ್ದ ಒಂದು ಗಂಡುಮಗುವನ್ನು ಶಸ್ತ್ರಚಿಕಿತ್ಸೆಯ ಬಳಿಕ ನನ್ನಲ್ಲಿಗೆ ಕರೆತಂದಿದ್ದರು. ಒಂದು ಕಣ್ಣಿನ ರೆಟಿನಾ ಅಂಟಿಕೊಂಡಿದೆ ಎಂದು ಕಾಗದದಲ್ಲಿ ಬರೆದಿತ್ತು, ಅದು ನಿಜವೂ ಆಗಿತ್ತು. ಕತ್ತಲ ಕೋಣೆಯಲ್ಲಿ ಟಾರ್ಚ್ ಹಾಕಿದಾಗ ಮಗು ಆ ಕಡೆಗೆ ತಲೆ ತಿರುಗಿಸಿತು. ಅದಕ್ಕಿಂತ ಹೆಚ್ಚಿನದು ಏನೂ ಇರಲಿಲ್ಲ. "ಅಂಟಿಕೊಂಡಿದೆ ಅಂದರಲ್ಲ, ಇನ್ನು ಯಾವಾಗ ನನ್ನ ಮುಖ ಗುರುತು ಹಿಡೀತಾನೆ?" ಎಂದು ಆ ತಾಯಿ ಕೇಳಿದರು. ಆ ಪ್ರಶ್ನೆಗೆ ಉತ್ತರ ಹೇಳುವ ಹೊಣೆ ನನ್ನ ಮೇಲೆ ಬಿದ್ದಿತ್ತು. ಅವರಿಗೆ ಯಾರೂ ಸುಳ್ಳು ಹೇಳಿರಲಿಲ್ಲ, ಆದರೂ ಸತ್ಯ ಅವರನ್ನು ತಲುಪಿರಲಿಲ್ಲ.

ಮಗುವಿನ ಕಣ್ಣು ದೊಡ್ಡವರ ಕಣ್ಣಿನ ಸಣ್ಣ ಪ್ರತಿ ಎಂದು ಭಾವಿಸುವುದು ಸಹಜ. ಶಸ್ತ್ರಚಿಕಿತ್ಸೆಯ ದೃಷ್ಟಿಯಿಂದ ಅದು ತಪ್ಪು. ನವಜಾತ ಶಿಶುವಿನ ಕಣ್ಣುಗುಡ್ಡೆಯ ಉದ್ದ ಸುಮಾರು 16ರಿಂದ 17 ಮಿ.ಮೀ., ವಯಸ್ಕರದು ಸುಮಾರು 24 ಮಿ.ಮೀ. ಆ ಪುಟ್ಟ ಗೋಳದೊಳಗೆ ಮಸೂರವೇ ಹೆಚ್ಚು ಜಾಗ ಹಿಡಿದಿರುತ್ತದೆ. ವಯಸ್ಕರಲ್ಲಿ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ಅಂಚಿನಿಂದ ಮೂರೂವರೆ-ನಾಲ್ಕು ಮಿ.ಮೀ. ಹಿಂದೆ, ಮಸೂರಕ್ಕೂ ರೆಟಿನಾಕ್ಕೂ ತಾಗದಂತೆ ಉಪಕರಣ ತೂರಿಸಬಹುದಾದ ಒಂದು ಸುರಕ್ಷಿತ ಪಟ್ಟಿ ಇದೆ. ಎಳೆಗೂಸಿನಲ್ಲಿ ಆ ಪಟ್ಟಿ ಇನ್ನೂ ಬೆಳೆದೇ ಇರುವುದಿಲ್ಲವಾದ್ದರಿಂದ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿ, ಮಸೂರದ ಬೆನ್ನಿಗೆ ಸವರಿಕೊಂಡು ಹೋಗುವಂತೆ ಒಳಹೊಗಬೇಕು. ಇನ್ನು ಕಣ್ಣನ್ನು ತುಂಬಿರುವ ವಿಟ್ರಿಯಸ್ ಎಂಬ ಲೋಳೆ. ವಯಸ್ಸಾದವರಲ್ಲಿ ಅದು ನೀರಾಗಿ ರೆಟಿನಾದಿಂದ ತಾನಾಗಿ ಬಿಡಿಸಿಕೊಂಡಿರುತ್ತದೆ. ಮಕ್ಕಳಲ್ಲಿ ಗಟ್ಟಿಯಾಗಿದ್ದು ರೆಟಿನಾವನ್ನು ಬಿಗಿಯಾಗಿ ಹಿಡಿದಿರುತ್ತದೆ. ಅದನ್ನು ಎಳೆದು ಬಿಡಿಸಲು ಹೋಗಿ ರೆಟಿನಾದಲ್ಲಿ ಒಂದು ತೂತು ಬಿದ್ದರೆ, ದಿನ ತುಂಬದ ಶಿಶುವಿನ ಕಣ್ಣಿನಲ್ಲಿ ಅಲ್ಲಿಗೆ ಎಲ್ಲವೂ ಮುಗಿಯಿತೆಂದೇ ಬಹುತೇಕ ಅರ್ಥ. ರಾಬರ್ಟ್ ಮ್ಯಾಕೆಮರ್ ಅವರು ಕಣ್ಣಿನ ಗೋಡೆಯ ಮೂಲಕ ಸೂಕ್ಷ್ಮ ಉಪಕರಣ ತೂರಿಸಿ ವಿಟ್ರಿಯಸ್ ತೆಗೆಯುವ ವಿಧಾನವನ್ನು 1970ರ ಸುಮಾರಿಗೆ ರೂಢಿಗೆ ತಂದರು. ಶಿಶುಗಳಲ್ಲಿ ಮಸೂರವನ್ನು ಉಳಿಸಿಕೊಂಡೇ ಆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಮ್ಯಾಗ್ವೈರ್ ಮತ್ತು ಟ್ರೀಸ್ ಎಂಬ ವೈದ್ಯರು ಪ್ರಕಟಿಸಿದ್ದು 1992ರಲ್ಲಿ. ಎರಡರ ನಡುವೆ ಎರಡು ದಶಕಗಳ ಅಂತರವಿದೆ. ಮಸೂರ ಉಳಿಯುವುದು ಏಕೆ ಮುಖ್ಯವೆಂದರೆ, ಅದನ್ನು ತೆಗೆದ ಶಿಶು ದಪ್ಪ ಕನ್ನಡಕವನ್ನೋ ಕಾಂಟ್ಯಾಕ್ಟ್ ಲೆನ್ಸನ್ನೋ ಅಂದಿನಿಂದಲೇ ಧರಿಸಬೇಕಾಗುತ್ತದೆ, ಧರಿಸದಿದ್ದರೆ ರೆಟಿನಾ ಎಷ್ಟೇ ಚೆನ್ನಾಗಿ ಅಂಟಿಕೊಂಡಿದ್ದರೂ ಆ ಕಣ್ಣು ನೋಡುವುದನ್ನು ಕಲಿಯುವುದೇ ಇಲ್ಲ.

ಮಕ್ಕಳ ರೆಟಿನಾ ಕಾಯಿಲೆಗಳಲ್ಲಿ ನಾನು ಹೆಚ್ಚು ಹೇಳಬೇಕಾಗಿರುವುದು ದಿನ ತುಂಬದೆ ಹುಟ್ಟಿದ ಶಿಶುಗಳ ರೆಟಿನೋಪತಿಯ ಬಗ್ಗೆ. ವೈದ್ಯರು ಇದನ್ನು ಆರ್‌ಒಪಿ ಎನ್ನುತ್ತಾರೆ. ರೆಟಿನಾದ ರಕ್ತನಾಳಗಳು ಗರ್ಭದ ಹದಿನಾರನೆಯ ವಾರದ ಸುಮಾರಿಗೆ ಕಣ್ಣಿನ ನರದ ಬಳಿಯಿಂದ ಹೊರಟು, ಮೂಗಿನ ಕಡೆಯ ಅಂಚನ್ನು 36ನೆಯ ವಾರಕ್ಕೂ ಕಿವಿಯ ಕಡೆಯ ಅಂಚನ್ನು 40ನೆಯ ವಾರಕ್ಕೂ ಮುಟ್ಟುತ್ತವೆ. ಇಪ್ಪತ್ತೆಂಟನೆಯ ವಾರದಲ್ಲೇ ಹುಟ್ಟಿದ ಮಗುವಿನಲ್ಲಿ ಆ ಪಯಣ ನಡುದಾರಿಯಲ್ಲಿ ನಿಂತುಬಿಡುತ್ತದೆ. ಆಮೇಲೆ ರಕ್ತನಾಳಗಳು ದಾರಿ ತಪ್ಪಿ ಬೆಳೆಯುತ್ತವೆ, ಅವುಗಳೊಂದಿಗೆ ಹುಟ್ಟಿದ ಗಾಯದ ನಾರು ರೆಟಿನಾವನ್ನು ಎಳೆಯುತ್ತದೆ. ಥಿಯೋಡೋರ್ ಟೆರಿ ಇದನ್ನು ಮೊದಲು ವರ್ಣಿಸಿದ್ದು 1942ರಲ್ಲಿ. ಶಿಶುಗಳ ಜೀವ ಉಳಿಸಲೆಂದು ಧಾರಾಳವಾಗಿ ಕೊಡುತ್ತಿದ್ದ ಆಮ್ಲಜನಕವೇ ಇದಕ್ಕೆ ದೊಡ್ಡ ಕಾರಣವೆಂಬುದು ಗೊತ್ತಾಗಲು ಇನ್ನೂ ಹತ್ತು ವರ್ಷ ಹಿಡಿಯಿತು, ಅಷ್ಟರಲ್ಲಿ ಸಾವಿರಾರು ಮಕ್ಕಳು ದೃಷ್ಟಿ ಕಳೆದುಕೊಂಡಿದ್ದರು.

ಈ ಕಾಯಿಲೆಯ ಐದು ಹಂತಗಳಲ್ಲಿ ಮೊದಲ ಮೂರರಲ್ಲಿ ರೆಟಿನಾ ಇನ್ನೂ ತನ್ನ ಜಾಗದಲ್ಲೇ ಇರುತ್ತದೆ. ಚಿಕಿತ್ಸೆಯ ನಿಜವಾದ ಗೆಲುವೆಲ್ಲ ಇರುವುದು ಇಲ್ಲಿ, ಚಾಕು ಮುಟ್ಟುವ ಮೊದಲೇ. ರೆಟಿನಾದ ರಕ್ತನಾಳವಿಲ್ಲದ ಅಂಚನ್ನು ಹೆಪ್ಪುಗಟ್ಟಿಸುವ ಶೀತ ಚಿಕಿತ್ಸೆ ಕೆಟ್ಟ ಪರಿಣಾಮವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ ಎಂದು 1988ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನ ತೋರಿಸಿತು. ಮುಂದೆ ಅದರ ಸ್ಥಾನಕ್ಕೆ ಲೇಸರ್ ಬಂತು. ಅಪಾಯ ಹೆಚ್ಚಿರುವ ಕಣ್ಣುಗಳಿಗೆ ಹಿಂದಿನ ರೂಢಿಗಿಂತ ಬೇಗನೆ ಚಿಕಿತ್ಸೆ ಕೊಟ್ಟರೆ ರೆಟಿನಾದ ರಚನೆಯೇ ಕೆಡುವ ಪ್ರಮಾಣ ಶೇ 15.6ರಿಂದ ಶೇ 9.1ಕ್ಕೆ ಇಳಿಯುತ್ತದೆ ಎಂದು 2003ರ ಅಧ್ಯಯನ ಹೇಳಿತು. ಅದೇ ಅಧ್ಯಯನದಲ್ಲಿ ದೃಷ್ಟಿಯನ್ನು ಅಳೆದು ನೋಡಿದಾಗ ಕೆಟ್ಟ ಪರಿಣಾಮ ಇಳಿದದ್ದು ಶೇ 19.5ರಿಂದ ಶೇ 14.5ಕ್ಕೆ. ಈ ಎರಡು ಜೋಡಿ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕೆಂದು ಓದುಗರಲ್ಲಿ ಕೇಳಿಕೊಳ್ಳುತ್ತೇನೆ. ರಚನೆ ಉಳಿದ ಕಣ್ಣುಗಳೆಲ್ಲ ಚೆನ್ನಾಗಿ ಕಾಣುವ ಕಣ್ಣುಗಳಾಗಲಿಲ್ಲ.

ನಾಲ್ಕನೆಯ ಹಂತದಲ್ಲಿ ರೆಟಿನಾ ಭಾಗಶಃ ಕಳಚುತ್ತದೆ. ಓದಲು, ಮುಖ ಗುರುತಿಸಲು ಬೇಕಾದ ಮಕುಲಾ ಎಂಬ ನಡುಭಾಗ ಇನ್ನೂ ಕಳಚದೆ ಉಳಿದಿದ್ದರೆ ಅದು 4ಎ, ಅದೂ ಕಳಚಿದ್ದರೆ 4ಬಿ. 4ಎ ಹಂತದಲ್ಲೇ ಮಸೂರ ಉಳಿಸುವ ಶಸ್ತ್ರಚಿಕಿತ್ಸೆ ನಡೆದರೆ ಹತ್ತರಲ್ಲಿ ಎಂಟು-ಒಂಬತ್ತು ಕಣ್ಣುಗಳಲ್ಲಿ ರೆಟಿನಾ ನಿಲ್ಲುತ್ತದೆ, ಮುಂದೆ ಓದಿ ಬರೆಯುವಷ್ಟು ದೃಷ್ಟಿ ಬರುವ ಮಕ್ಕಳೂ ಅವರಲ್ಲಿ ಇದ್ದಾರೆ. ಐದನೆಯ ಹಂತದಲ್ಲಿ ರೆಟಿನಾ ಪೂರ್ತಿ ಕಳಚಿ, ಮುದುಡಿದ ಛತ್ರಿಯಂತೆ ಮಸೂರದ ಹಿಂದೆ ಮುದ್ದೆಗಟ್ಟಿರುತ್ತದೆ. ಅದನ್ನು ಗಂಟೆಗಟ್ಟಲೆ ಕುಳಿತು ಪದರ ಪದರವಾಗಿ ಬಿಡಿಸುವ ವೈದ್ಯರ ತಾಳ್ಮೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ಹಾಗೆ ಬಿಡಿಸಿದ ಕಣ್ಣುಗಳಲ್ಲಿ ಬಹಳಷ್ಟು ಮತ್ತೆ ಕಳಚುತ್ತವೆ, ಅಂಟಿಕೊಂಡು ಉಳಿದವುಗಳಲ್ಲೂ ಹೆಚ್ಚಿನವಕ್ಕೆ ಸಿಗುವುದು ಬೆಳಕಿನ ಅರಿವು ಅಥವಾ ಕಣ್ಣ ಮುಂದೆ ಕೈಯಾಡಿಸಿದರೆ ತಿಳಿಯುವಷ್ಟು ದೃಷ್ಟಿ ಮಾತ್ರ. 4ಎ ಹಂತದಿಂದ ಐದನೆಯ ಹಂತಕ್ಕೆ ಹೋಗಲು ಕೆಲವೊಮ್ಮೆ ವಾರಗಳೂ ಬೇಕಾಗುವುದಿಲ್ಲ. ಆದ್ದರಿಂದಲೇ ಯಾವ ಶಿಶುವಿಗೆ ಕಣ್ಣಿನ ತಪಾಸಣೆ ಆಗಬೇಕೆಂಬ ನಿಯಮ ಇಷ್ಟು ಮುಖ್ಯ. ಅಮೆರಿಕದಲ್ಲಿ 30 ವಾರ ಅಥವಾ ಅದಕ್ಕೂ ಮೊದಲು ಹುಟ್ಟಿದ, ಇಲ್ಲವೇ 1,500 ಗ್ರಾಂ ಅಥವಾ ಅದಕ್ಕೂ ಕಡಿಮೆ ತೂಕದ ಶಿಶುಗಳನ್ನು ನೋಡುತ್ತಾರೆ. ಭಾರತದಲ್ಲಿ ಅದಕ್ಕಿಂತ ದೊಡ್ಡ ಶಿಶುಗಳಿಗೂ ಈ ಕಾಯಿಲೆ ಬರುವುದರಿಂದ 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2,000 ಗ್ರಾಂಗಿಂತ ಕಡಿಮೆ ತೂಕವಿದ್ದ ಶಿಶುಗಳೆಲ್ಲವನ್ನೂ ಹುಟ್ಟಿದ ನಾಲ್ಕು ವಾರದೊಳಗೆ, ತೀರಾ ಸಣ್ಣವನ್ನು ಇನ್ನೂ ಬೇಗ ನೋಡಬೇಕೆಂಬ ಸೂಚನೆ ಇದೆ. ಲೇಸರ್ ಬೇಕೆಂದು ಕಂಡರೆ ಎರಡು-ಮೂರು ದಿನದೊಳಗೆ ಆಗಬೇಕು. "ತೂಕ ಏರಲಿ, ಆಮೇಲೆ ತೋರಿಸೋಣ" ಎಂಬ ಮನೆಯವರ ಮಾತು ಎಷ್ಟು ಪ್ರೀತಿಯಿಂದ ಬಂದದ್ದಾದರೂ ಕಣ್ಣಿಗೆ ಮಾರಕ.

ಕಣ್ಣಿನೊಳಗೆ ಚುಚ್ಚುವ ಔಷಧಗಳು ಈಗ ಲೇಸರ್‌ನ ಜೊತೆಗೆ, ಕೆಲವೆಡೆ ಅದರ ಬದಲಿಗೆ ಬಳಕೆಯಾಗುತ್ತಿವೆ. 2011ರಲ್ಲಿ ಬೆವಸಿಝುಮ್ಯಾಬ್ ಮತ್ತು 2019ರಲ್ಲಿ ರಾನಿಬಿಝುಮ್ಯಾಬ್ ಕುರಿತು ಪ್ರಕಟವಾದ ಅಧ್ಯಯನಗಳು ಇದಕ್ಕೆ ಬಲ ಕೊಟ್ಟಿವೆ. ಇದೊಂದು ದೊಡ್ಡ ಉಪಕಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಚುಚ್ಚುಮದ್ದಿನಿಂದ ತಗ್ಗಿದ ಕಾಯಿಲೆ ತಿಂಗಳುಗಳ ಬಳಿಕ ಮರುಕಳಿಸಬಹುದು, ನಾರು ಈಗಾಗಲೇ ಬೆಳೆದಿದ್ದ ಕಣ್ಣಿನಲ್ಲಿ ಅದು ಥಟ್ಟನೆ ಕುಗ್ಗಿ ರೆಟಿನಾವನ್ನು ಕಳಚಿಸಲೂಬಹುದು. ಒಂದು ಚುಚ್ಚುಮದ್ದಿನಿಂದ ಗುಣವಾಯಿತೆಂದು ಬರೆಯುವ ವರದಿಯನ್ನು ಓದಿದ ತಾಯಿ ಮುಂದಿನ ತಪಾಸಣೆಗೆ ಬರದೇ ಹೋದರೆ ಏನಾಗಬಹುದೆಂಬುದನ್ನು ತಾವು ಊಹಿಸಬಲ್ಲಿರಿ.

ಓಡಾಡುವ ವಯಸ್ಸಿನ ಮಕ್ಕಳಲ್ಲಿ ರೆಟಿನಾ ಕಳಚಲು ಕಾರಣಗಳು ಬೇರೆ. ಕಣ್ಣಿಗೆ ಬಿದ್ದ ಪೆಟ್ಟು, ಅತಿಯಾದ ಸಮೀಪದೃಷ್ಟಿ, ಹುಟ್ಟಿನಿಂದ ಬಂದ ಪೊರೆಗೆ ಹಿಂದೆ ಆಗಿದ್ದ ಆಪರೇಷನ್, ವಂಶವಾಹಿ ದೋಷಗಳು. ದೊಡ್ಡವರಾದರೆ ಕಣ್ಣೆದುರು ಮಿಂಚು ಕಂಡಿತು, ಪರದೆ ಇಳಿದಂತಾಯಿತು ಎಂದು ಓಡಿಬರುತ್ತಾರೆ. ಮಗು ಹೇಳುವುದಿಲ್ಲ. ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದು ಕಾಣದಿರುವುದು ಅದಕ್ಕೇ ಗೊತ್ತಾಗುವುದಿಲ್ಲ. ಆಟವಾಡುತ್ತಾ ಒಂದು ಕಣ್ಣು ಮುಚ್ಚಿಕೊಂಡಾಗಲೋ, ಶಾಲೆಯ ತಪಾಸಣೆಯಲ್ಲೋ, ಮೆಳ್ಳೆಗಣ್ಣು ಬಂದ ಮೇಲೋ ಸಂಗತಿ ಬಯಲಾಗುತ್ತದೆ. ಅಷ್ಟರಲ್ಲಿ ಮಕುಲಾ ಕಳಚಿ ತಿಂಗಳುಗಳೇ ಆಗಿರುತ್ತವೆ, ರೆಟಿನಾದ ಮೇಲೆ ಗಾಯದ ಪೊರೆ ಬೆಳೆದು ಅದನ್ನು ಗಡುಸಾಗಿಸಿರುತ್ತದೆ. ಒಂದೇ ಆಪರೇಷನ್ನಿನಲ್ಲಿ ಮುಗಿಯದೆ ಎರಡು, ಮೂರು ಬೇಕಾಗುವುದು ಇದರಿಂದಲೇ. ಕಣ್ಣಿನ ಹೊರಗೋಡೆಗೆ ಸಿಲಿಕಾನ್ ಪಟ್ಟಿ ಹೊಲಿದು ಒಳಗೆ ತಗ್ಗಿಸುವ ಹಳೆಯ ವಿಧಾನ, ವಿಟ್ರಿಯಸ್ ಇನ್ನೂ ಗಟ್ಟಿಯಾಗಿರುವ ಮಕ್ಕಳಲ್ಲಿ ಇಂದಿಗೂ ಬಹಳ ಉಪಯುಕ್ತ. ತೀರಾ ಎಳೆಯ ಮಗುವಾದರೆ ಕಣ್ಣು ಬೆಳೆಯಲು ಅಡ್ಡಿಯಾಗದಂತೆ ಕೆಲವು ತಿಂಗಳ ಬಳಿಕ ಆ ಪಟ್ಟಿಯನ್ನು ಕತ್ತರಿಸಬೇಕಾಗುತ್ತದೆ ಎಂಬುದನ್ನು ಮನೆಯವರಿಗೆ ಮೊದಲೇ ಹೇಳಿರಬೇಕು. ರೆಟಿನಾವನ್ನು ಒತ್ತಿ ಹಿಡಿಯಲೆಂದು ಕಣ್ಣಿನೊಳಗೆ ಸಿಲಿಕಾನ್ ಎಣ್ಣೆ ತುಂಬಿದ್ದರೆ ಅದನ್ನು ತೆಗೆಯಲು ಇನ್ನೊಂದು ಅರಿವಳಿಕೆ, ಮತ್ತು ಅಲ್ಲಿಯವರೆಗೂ ಪೊರೆ, ಕಣ್ಣಿನ ಒತ್ತಡ ಏರುವ ಗ್ಲಾಕೋಮಾ ಇವುಗಳ ಮೇಲೆ ನಿಗಾ.

ಇಲ್ಲೊಂದು ಮಾತು ಸೇರಿಸಬೇಕು. ಚಿಕ್ಕ ವಯಸ್ಸಿಗೇ ದೊಡ್ಡ ಸಂಖ್ಯೆಯ ಮೈನಸ್ ಕನ್ನಡಕ, ಜೊತೆಗೆ ಸೀಳಂಗುಳ ಅಥವಾ ಕಿವಿ ಮಂದ, ಕೀಲುಗಳ ಸಡಿಲತೆ ಇರುವ ಮಗು ಕಂಡರೆ ಸ್ಟಿಕ್ಲರ್ ಸಿಂಡ್ರೋಮ್ ಇರಬಹುದೇ ಎಂದು ಕೇಳಿ ನೋಡುವುದು ಒಳ್ಳೆಯದು. 1965ರಲ್ಲಿ ವರ್ಣಿಸಲಾದ ಈ ವಂಶವಾಹಿ ಕಾಯಿಲೆಯಲ್ಲಿ ರೆಟಿನಾ ಸುತ್ತಳತೆಯ ಕಾಲುಭಾಗಕ್ಕೂ ಮಿಗಿಲಾಗಿ ಹರಿಯುವ ಅಪಾಯವಿದೆ. ಮೊದಲ ಕಣ್ಣಿಗೆ ತಡವಾಗಿ ಬಂದವರ ಎರಡನೆಯ ಕಣ್ಣನ್ನು ಮುಂಚಿತ ಚಿಕಿತ್ಸೆಯಿಂದ ಉಳಿಸಿಕೊಳ್ಳುವ ಅವಕಾಶ ಇರುತ್ತದೆ, ಒಡಹುಟ್ಟಿದವರ ಕಣ್ಣುಗಳನ್ನೂ ಆಗಲೇ ನೋಡಬೇಕು.

ಪಾಪೆ ಬೆಳ್ಳಗೆ ಹೊಳೆಯುವ ಮಗುವಿನ ವಿಷಯದಲ್ಲಿ ಮಾತ್ರ ಯಾವ ಶಸ್ತ್ರಚಿಕಿತ್ಸೆಗೂ ಮುನ್ನ ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಆ ಗಡ್ಡೆಯಿರುವ ಕಣ್ಣಿಗೆ ತಿಳಿಯದೆ ಉಪಕರಣ ಹಾಕಿದರೆ ಕ್ಯಾನ್ಸರ್ ಕಣ್ಣಿನಾಚೆಗೆ ಹರಡಬಹುದು. ಅಲ್ಲಿ ಮೊದಲ ಪ್ರಶ್ನೆ ಮಗುವಿನ ಜೀವ, ದೃಷ್ಟಿಯದು ಆಮೇಲಿನ ಮಾತು.

ನನ್ನ ಕೋಣೆಯ ಕೆಲಸಕ್ಕೆ ಬರುತ್ತೇನೆ. ಮಾತು ಬಾರದ ಮಗುವಿನ ದೃಷ್ಟಿಯನ್ನು ಅಳೆಯುವುದು ಹೇಗೆಂದು ಹಲವರು ಕೇಳುತ್ತಾರೆ. ಒಂದು ಬೂದು ಬಣ್ಣದ ಹಲಗೆಯ ಒಂದು ಬದಿಯಲ್ಲಿ ಕಪ್ಪು-ಬಿಳಿ ಗೆರೆಗಳಿರುತ್ತವೆ, ಇನ್ನೊಂದು ಬದಿ ಖಾಲಿ. ಗೆರೆಗಳು ಕಾಣುವ ಮಗು ಖಾಲಿ ಬದಿಯನ್ನು ಬಿಟ್ಟು ಆ ಕಡೆಗೇ ನೋಡುತ್ತದೆ. ಗೆರೆಗಳನ್ನು ಸಣ್ಣದಾಗಿಸುತ್ತಾ ಹೋದಂತೆ ಯಾವ ಹಲಗೆಗೆ ಅದರ ನೋಟ ಅತ್ತಿತ್ತ ಅಲೆಯತೊಡಗುತ್ತದೋ ಅಲ್ಲಿಗೆ ಅದರ ದೃಷ್ಟಿಯ ಮಿತಿ ಬಂತು. ಶಸ್ತ್ರಚಿಕಿತ್ಸೆಯ ಮರುವಾರ ನಾನು ಬರೆಯುವ ಅಂಕಿಗೂ ಎರಡು ವರ್ಷದ ಬಳಿಕ ಬರೆಯುವ ಅಂಕಿಗೂ ಇರುವ ವ್ಯತ್ಯಾಸ ಅನೇಕ ಮಕ್ಕಳಲ್ಲಿ ಶಸ್ತ್ರಚಿಕಿತ್ಸೆಯ ಹಿಂದು-ಮುಂದಿನ ವ್ಯತ್ಯಾಸಕ್ಕಿಂತ ದೊಡ್ಡದು. ನೋಡುವುದನ್ನು ಕಲಿಯುವುದು ಮಿದುಳು, ಅದು ಮುಖ್ಯವಾಗಿ ಕಲಿಯುವುದು ಏಳೆಂಟು ವರ್ಷದೊಳಗೆ. ಆಪರೇಷನ್ ಆದ ಕಣ್ಣಿನಿಂದ ಮಸುಕಾದ ಚಿತ್ರ ಬರುತ್ತಿದ್ದರೆ ಮಿದುಳು ಅದನ್ನು ಬದಿಗಿಟ್ಟು ಒಳ್ಳೆಯ ಕಣ್ಣನ್ನೇ ನೆಚ್ಚಿಕೊಳ್ಳುತ್ತದೆ. ಅದೇ ಸೋಮಾರಿ ಕಣ್ಣು. ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಅಂಟಿಸಿ, ಸರಿಯಾದ ಕನ್ನಡಕ ಹಾಕಿಸಿ, ಕಾಣದ ಕಣ್ಣಿನಿಂದಲೇ ಆಡುವಂತೆ ಮಾಡುವುದು ಇದಕ್ಕೆ ಚಿಕಿತ್ಸೆ. ಮಗು ಅಳುತ್ತದೆ, ಪಟ್ಟಿ ಕಿತ್ತೆಸೆಯುತ್ತದೆ. ನೆಂಟರು "ಆ ಕಣ್ಣು ಸರಿಯಾಗಿದೆಯಂತಲ್ಲ, ಮತ್ಯಾಕೆ ಕೂಸಿಗೆ ಹಿಂಸೆ?" ಎನ್ನುತ್ತಾರೆ. ಆಪರೇಷನ್ ಯಶಸ್ವಿಯಾಯಿತು ಎಂಬ ಮಾತನ್ನೇ ನೆಚ್ಚಿಕೊಂಡ ಮನೆಯವರಲ್ಲಿ ಆ ಪ್ರಶ್ನೆಗೆ ಉತ್ತರವಿರುವುದಿಲ್ಲ. ಹಾಗೆ ಪಟ್ಟಿ ಬಿಟ್ಟುಬಿಟ್ಟ ಮಕ್ಕಳನ್ನು ನಾನು ಕಂಡಿದ್ದೇನೆ. ಅವರ ರೆಟಿನಾ ಇಂದಿಗೂ ಅಂಟಿಕೊಂಡೇ ಇದೆ.

ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಚಾರ್ಟಿನ ಒಂದು ಅಕ್ಷರವೂ ಕಾಣದ ಮಗುವಿನ ಶಸ್ತ್ರಚಿಕಿತ್ಸೆ ವ್ಯರ್ಥವೆಂದು ನಾನು ಎಂದೂ ಹೇಳಲಾರೆ. ಚೆನ್ನಾಗಿರುವ ಕಣ್ಣಿನ ದೃಷ್ಟಿಯೂ 3/60ಕ್ಕಿಂತ ಕಡಿಮೆಯಿದ್ದರೆ, ಅಂದರೆ ಸಾಮಾನ್ಯ ಕಣ್ಣಿಗೆ 60 ಮೀಟರ್ ದೂರದಿಂದ ಕಾಣುವುದು 3 ಮೀಟರ್ ಹತ್ತಿರದಿಂದಲೂ ಕಾಣದಿದ್ದರೆ, ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕುರುಡುತನವೆನ್ನುತ್ತದೆ. ಆದರೆ ಆ ಗೆರೆಯ ಕೆಳಗೆ ಎಲ್ಲರೂ ಒಂದೇ ಅಲ್ಲ. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ತಿಳಿಯುವ, ಎದುರಿಗೆ ಬಂದ ಮನುಷ್ಯನನ್ನು ನೆರಳಾಗಿಯಾದರೂ ಕಾಣುವ ಮಗುವಿನ ಬದುಕು ಏನೂ ಕಾಣದ ಮಗುವಿನ ಬದುಕಿಗಿಂತ ಬಹಳ ಬೇರೆ. ಆರ್‌ಪಿಇ65 ಎಂಬ ವಂಶವಾಹಿಯ ದೋಷದಿಂದ ದೃಷ್ಟಿ ಕಳೆದುಕೊಳ್ಳುವ ಮಕ್ಕಳಿಗೆ ರೆಟಿನಾದ ಅಡಿಗೆ ಸರಿಯಾದ ವಂಶವಾಹಿಯನ್ನು ಶಸ್ತ್ರಚಿಕಿತ್ಸೆಯ ಮೂಲಕ ಸೇರಿಸುವ ಲಕ್ಸ್‌ಟರ್ನಾ ಎಂಬ ಚಿಕಿತ್ಸೆಗೆ 2017ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅದರ ಪರೀಕ್ಷೆಯಲ್ಲಿ ಮುಖ್ಯ ಅಳತೆಯಾಗಿ ಇಟ್ಟುಕೊಂಡದ್ದು ಚಾರ್ಟಿನ ಅಕ್ಷರಗಳನ್ನಲ್ಲ. ಬೇರೆ ಬೇರೆ ಮಟ್ಟದ ಮಬ್ಬು ಬೆಳಕಿನಲ್ಲಿ, ಅಡೆತಡೆಗಳಿರುವ ಒಂದು ದಾರಿಯನ್ನು ಎಡವದೆ ದಾಟಬಲ್ಲರೇ ಎಂಬುದನ್ನು. ಮಗುವಿಗೆ ಏನು ಮಾಡಲು ಸಾಧ್ಯವಾಯಿತು ಎಂದು ಕೇಳುವ ಆ ಅಳತೆ ನನಗೆ ಬಹಳ ಸರಿಯೆನಿಸುತ್ತದೆ. ಉಳಿದ ಶಸ್ತ್ರಚಿಕಿತ್ಸೆಗಳ ಫಲಿತಾಂಶವನ್ನೂ ಮನೆಯವರಿಗೆ ಇದೇ ಮಾತಿನಲ್ಲಿ ಹೇಳಬಹುದು: ನಿಮ್ಮ ಮಗು ಕಿಟಕಿಯನ್ನು ಗುರುತಿಸಬಲ್ಲದು, ಮುಖವನ್ನು ಗುರುತಿಸಲಾರದು; ಇಂದಿನಿಂದಲೇ ಸ್ಪರ್ಶ ಮತ್ತು ಧ್ವನಿಯ ಮೂಲಕ ಕಲಿಸಲು ಶುರುಮಾಡಿ, ಇನ್ನೊಂದು ಆಪರೇಷನ್ ಆಗಲಿ ಎಂದು ಕಾಯಬೇಡಿ. ಕಾಯುತ್ತಾ ಕಳೆದ ಎರಡು-ಮೂರು ವರ್ಷಗಳಲ್ಲಿ ಆ ಮಗು ನಡೆಯುವುದನ್ನು, ಮಾತಾಡುವುದನ್ನು ತಡವಾಗಿ ಕಲಿತದ್ದನ್ನು ನೋಡಿದವರಿಗೆ ಈ ಮಾತಿನ ತೂಕ ಗೊತ್ತು.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮಗುವಿನ ರೆಟಿನಾ ಶಸ್ತ್ರಚಿಕಿತ್ಸೆಯ ವರದಿ ಬರೆಯುವಾಗ ರೆಟಿನಾ ಅಂಟಿಕೊಂಡಿದೆಯೇ ಎಂಬುದನ್ನೂ ಮಗು ಏನನ್ನು ನೋಡುತ್ತಿದೆ ಎಂಬುದನ್ನೂ ಬೇರೆ ಬೇರೆಯಾಗಿ ಕೇಳಿ, ಬೇರೆ ಬೇರೆ ವಾಕ್ಯಗಳಲ್ಲಿ ಬರೆಯುವಂತೆ ವರದಿಗಾರರಿಗೆ ತಿಳಿಸಬೇಕು. ಎರಡನೆಯದನ್ನು ಹೇಳಲು ಇನ್ನೂ ಸಮಯವಾಗಿಲ್ಲವೆಂದು ವೈದ್ಯರು ಹೇಳಿದರೆ ಅದನ್ನೇ ಬರೆಯಬೇಕು. ಕಾಯಿಲೆ ಯಾವ ಹಂತದಲ್ಲಿ ಪತ್ತೆಯಾಯಿತು, ಮೊದಲ ತಪಾಸಣೆ ಹುಟ್ಟಿದ ಎಷ್ಟನೆಯ ವಾರದಲ್ಲಿ ಆಯಿತು ಎಂಬ ಎರಡು ಸಾಲು ಸೇರಿಸಿದರೆ, ದಿನ ತುಂಬದ ಶಿಶುವನ್ನು ಮಡಿಲಲ್ಲಿಟ್ಟುಕೊಂಡು ಪತ್ರಿಕೆ ಓದುತ್ತಿರುವ ಯಾವುದೋ ಮನೆಯವರು ಅಂದೇ ಎದ್ದು ಹೊರಡಬಹುದು. ಮತ್ತು ಸಾಧ್ಯವಿದ್ದರೆ ಒಂದು ವರ್ಷದ ಬಳಿಕ, ಮನೆಯವರ ಒಪ್ಪಿಗೆ ಪಡೆದು, ಅದೇ ಮಗುವಿನ ಬಳಿಗೆ ಅದೇ ವರದಿಗಾರರನ್ನು ಮತ್ತೊಮ್ಮೆ ಕಳುಹಿಸಿರಿ. ಆಗ ಅದರ ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಿದೆಯೇ ಎಂದು ನೋಡಲಿ.

ಇಂತು ತಮ್ಮ ವಿಶ್ವಾಸಿ,
ಮಕ್ಕಳ ದೃಷ್ಟಿ ಪರೀಕ್ಷೆಯ ಕೆಲಸದಲ್ಲಿರುವ ಓದುಗ